ಕೊಂದವರು ಯಾರು, ಕಂಡವರು ಯಾರು?

‘ಹುಲಿ ಕೊಂದ ಮನುಷ್ಯ’ ಎಂದು ಬರೆದರೆ ಸತ್ತದ್ದು ಯಾರು? ಹುಲಿಯೋ, ಮನುಷ್ಯನೋ? ಬಯಲುಸೀಮೆಯವರು ಓದಿದರೆ ಯಾವುದೋ ಬೇಟೆಗಾರನ ಕಥೆ ಎಂದುಕೊಂಡಾರು. ನಮ್ಮ ಜೋಯಿಡಾ ತಾಲೂಕಿನವರು ಓದಿದರೆ ‘ಅಯ್ಯೋ ಪಾಪ, ಯಾವ ಊರವನು?’ ಎಂದು ಕೇಳುತ್ತಾರೆ. ಎರಡೂ ಅರ್ಥಕ್ಕೆ ಕನ್ನಡದ ವ್ಯಾಕರಣ ಒಪ್ಪಿಗೆ ಕೊಡುತ್ತದೆ. ‘ಹುಲಿಯನ್ನು ಕೊಂದ’ ಎಂದು ಬಿಡಿಸಿ ಬರೆದರೆ ಗೊಂದಲ ಇಲ್ಲ ನಿಜ. ಆದರೆ ಮಾತಾಡುವಾಗ ಆ ‘ಅನ್ನು’ ಯಾರ ಬಾಯಲ್ಲಿ ಬರುತ್ತದೆ? ಮರ ಕಡಿದೆ, ನೀರು ತಂದೆ, ಹಾಲು ಕರೆದೆ. ಪ್ರಾಣವಿಲ್ಲದ ವಸ್ತುಗಳಿಗೆ ನಾವು ‘ಅನ್ನು’ ಹಚ್ಚುವುದೇ ಕಡಿಮೆ. ಅದೇ ರೂಢಿ ಹುಲಿಯವರೆಗೂ ಹೋದಾಗ ಅರ್ಥ ಎರಡಾಗುತ್ತದೆ.

ಇದು ಪುಸ್ತಕ ಓದುತ್ತ ಹೊಳೆದ ಸಮಸ್ಯೆ ಅಲ್ಲ, ಅರ್ಜಿ ಬರೆಯುತ್ತ ಸಿಕ್ಕಿದ್ದು. ನಾನು ಹುಟ್ಟಿದ್ದು ನವಲಗುಂದದ ಎರೆಹೊಲದ ನಾಡಿನಲ್ಲಿ. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ಕುಂಬಾರವಾಡದ ಕಡೆಗೆ ಬಂದೆ, ಇಲ್ಲೇ ನಿವೃತ್ತಳಾದೆ, ಇಲ್ಲೇ ಉಳಿದೆ. ಈಗಲೂ ಊರವರಿಗೆ ನಾನು ‘ಅಕ್ಕೋರು’. ಸುತ್ತಲೂ ಕಾಳಿ ಹುಲಿ ಸಂರಕ್ಷಿತ ಪ್ರದೇಶ. 2007ರಲ್ಲಿ ಘೋಷಣೆಯಾದಾಗ ಅದರ ಹೆಸರು ದಾಂಡೇಲಿ-ಅಣಶಿ ಎಂದಿತ್ತು, 2015ರಲ್ಲಿ ಕಾಳಿ ಎಂದಾಯಿತು. ಹುಲಿ, ಚಿರತೆ ದನ ಹಿಡಿಯುವುದು, ಕಾಡುಕೋಣ ಗದ್ದೆ ತುಳಿಯುವುದು ಇಲ್ಲಿ ಸುದ್ದಿಯೇ ಅಲ್ಲ. ಆಮೇಲೆ ಪರಿಹಾರಕ್ಕೆ ಪಂಚನಾಮೆ ಆಗಬೇಕು, ದನದ ಡಾಕ್ಟರ ಸರ್ಟಿಫಿಕೇಟ್ ಬೇಕು, ಫೋಟೊ ಬೇಕು, ಎಲ್ಲಕ್ಕಿಂತ ಮೊದಲು ಒಂದು ಅರ್ಜಿ ಬೇಕು. ಅರ್ಜಿ ಕನ್ನಡದಲ್ಲಿರಬೇಕು. ಆದರೆ ಆಕಳು ಕಳೆದುಕೊಂಡವರ ಮನೆಮಾತು ಕನ್ನಡವಲ್ಲ. ಕುಣಬಿಯವರದು ಕೊಂಕಣಿ, ಗೌಳಿಯವರದು ಮರಾಠಿಯ ಒಂದು ಬಗೆ, ದಾಂಡೇಲಿ-ಹಳಿಯಾಳದ ಪೇಟೆಯಲ್ಲಿ ದಖನಿ ಉರ್ದು. ಹಳಿಯಾಳ-ಮುಂಡಗೋಡದ ಸಿದ್ದಿಯವರ ಮನೆಯಲ್ಲಿ ಕೊಂಕಣಿಯ ಮೇಲೆ ಮರಾಠಿ, ಕನ್ನಡ, ಉರ್ದು ಎಲ್ಲ ಸೇರಿದ ಮಾತು. ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. ಬಾಯಿಂದ ಕಾಗದಕ್ಕೆ ಬರುವ ಆ ಗೇಣು ದೂರದಲ್ಲಿ ವಾಕ್ಯ ಏನೇನಾಗುತ್ತದೆ ಎಂಬುದೇ ಈ ಲೇಖನ.

‘ಅಕ್ಕೋರ, ಒಂದ ಅರ್ಜಿ ಬರದ ಕೊಡ್ರಿ. ವಾಗಾನ್ ಗಾಯ್ ಮಾರ್ಲಿ’ ಎನ್ನುತ್ತ ಒಬ್ಬ ಕುಣಬಿ ಅಜ್ಜ ಜಗಲಿಯ ಮೇಲೆ ಕೂರುತ್ತಾನೆ. ಆ ಮೂರು ಪದದ ಕೊಂಕಣಿ ವಾಕ್ಯದಲ್ಲಿ ಎಷ್ಟು ಸಂಗತಿ ಇದೆ ನೋಡಿ. ‘ವಾಗ್’ಗೆ ‘ಆನ್’ ಹತ್ತಿದೆ. ಕೆಲಸ ಮಾಡಿದ್ದು ಹುಲಿಯೇ ಎಂದು ಅದಕ್ಕೆ ಗುರುತು ಬಿದ್ದಿದೆ. ‘ಗಾಯ್’ ಎಂದರೆ ಆಕಳು, ಅದಕ್ಕೆ ಯಾವ ಪ್ರತ್ಯಯವೂ ಇಲ್ಲ. ಇನ್ನು ‘ಮಾರ್ಲಿ’, ಅಂದರೆ ಕೊಂದಿತು. ಅದರ ಕೊನೆಯ ‘ಇ’ ಸ್ತ್ರೀಲಿಂಗದ್ದು. ಯಾರ ಲಿಂಗ? ಹುಲಿಯದ್ದಲ್ಲ, ಆಕಳದ್ದು. ಸತ್ತದ್ದು ಎತ್ತಾಗಿದ್ದರೆ ‘ವಾಗಾನ್ ಬೈಲ್ ಮಾರ್ಲೊ’ ಎನ್ನುತ್ತಿದ್ದ. ಕರುವಾಗಿದ್ದರೆ ‘ವಾಗಾನ್ ವಾಸ್ರೂಂ ಮಾರ್ಲೆಂ’, ಏಕೆಂದರೆ ಕರು ಕೊಂಕಣಿಯಲ್ಲಿ ನಪುಂಸಕ. ಗಾಳಿಗೆ ನಡುವಿನ ಪದ ಹಾರಿಹೋಗಿ ಬರೀ ಕ್ರಿಯಾಪದ ಕಿವಿಗೆ ಬಿದ್ದರೂ ಹೋದದ್ದು ಹೆಣ್ಣೋ ಗಂಡೋ ತಿಳಿಯುತ್ತದೆ.

ಇದನ್ನೇ ಕನ್ನಡದಲ್ಲಿ ‘ಹುಲಿ ಆಕಳು ಕೊಂದಿತು’ ಎಂದು ಬರೆದರೆ ಕ್ರಿಯಾಪದ ಹುಲಿಯ ಹಿಂದೆ ಹೋಗುತ್ತದೆ. ಎತ್ತಿರಲಿ, ಎಮ್ಮೆಯಿರಲಿ, ಕರುವಿರಲಿ, ‘ಕೊಂದಿತು’ ಬದಲಾಗುವುದೇ ಇಲ್ಲ. ಕನ್ನಡದ ಕ್ರಿಯಾಪದ ಕೆಲಸ ಮಾಡಿದವರಿಗೆ ಲೆಕ್ಕ ಒಪ್ಪಿಸುತ್ತದೆ. ಕೊಂಕಣಿಯದು ಮುಗಿದುಹೋದ ಕೆಲಸದ ಮಾತು ಬಂದಾಗ, ಕೆಲಸಕ್ಕೆ ಈಡಾದವರಿಗೆ ಲೆಕ್ಕ ಒಪ್ಪಿಸುತ್ತದೆ. ‘ಮುಗಿದುಹೋದ’ ಎಂದದ್ದಕ್ಕೆ ಕಾರಣವಿದೆ. ವರ್ತಮಾನದಲ್ಲಿ ಕೊಂಕಣಿಯೂ ನಮ್ಮಂತೆಯೇ. ‘ಹಾಂವ್ ಆಂಬೊ ಖಾತಾಂ’ ಎಂದರೆ ‘ನಾನು ಮಾವಿನಹಣ್ಣು ತಿನ್ನುತ್ತೇನೆ’; ಕ್ರಿಯಾಪದ ‘ನಾನು’ ಎಂಬುದರ ಹಿಂದೆಯೇ ಇದೆ. ತಿಂದಾದ ಮೇಲೆ ಮಾತ್ರ ‘ಹಾಂವೆಂ ಆಂಬೊ ಖಾಲೊ’, ‘ಹಾಂವೆಂ ಭಾಕ್ರಿ ಖಾಲಿ’, ‘ಹಾಂವೆಂ ಕೆಳೆಂ ಖಾಲೆಂ’. ಮಾವು, ರೊಟ್ಟಿ, ಬಾಳೆಹಣ್ಣು ಎಂದು ಬದಲಾದಂತೆ ‘ತಿಂದೆ’ ಎಂಬುದೂ ಬದಲು. ಮರಾಠಿಯದೂ ಇದೇ ಕ್ರಮ: ಆಂಬಾ ಖಾಲ್ಲಾ, ಭಾಕರಿ ಖಾಲ್ಲೀ.

ಇದೆಲ್ಲಿಂದ ಬಂತು ಎಂದು ಹುಡುಕಿದರೆ ಸಂಸ್ಕೃತದ ಬಾಗಿಲಿಗೆ ಹೋಗಿ ನಿಲ್ಲುತ್ತೇವೆ. ‘ವ್ಯಾಘ್ರೇಣ ಧೇನುಃ ಹತಾ’, ಅಂದರೆ ಹುಲಿಯಿಂದ ಆಕಳು ಹತವಾದಳು. ಹುಲಿ ತೃತೀಯಾ ವಿಭಕ್ತಿಯಲ್ಲಿ, ‘ಹತಾ’ ಸ್ತ್ರೀಲಿಂಗದಲ್ಲಿ. ಹೈಸ್ಕೂಲಿನಲ್ಲಿ ಕರ್ಮಣಿ ಪ್ರಯೋಗ ಎಂದು ಬಾಯಿಪಾಠ ಮಾಡಿದ್ದು ಇದನ್ನೇ. ಸಂಸ್ಕೃತದಲ್ಲಿ ಅದು ಹೇಳುವ ಒಂದು ಬಗೆಯಾಗಿತ್ತು. ಅದರ ಸಂತತಿಯಾದ ಕೊಂಕಣಿ, ಮರಾಠಿ, ಹಿಂದಿಗಳಲ್ಲಿ ಭೂತಕಾಲಕ್ಕೆ ಅದೇ ಹೆದ್ದಾರಿಯಾಯಿತು. ಹಿಂದಿಯ ‘ಶೇರ್ ನೇ ಗಾಯ್ ಕೋ ಮಾರಾ’ ಎಂಬಲ್ಲಿರುವ ‘ನೇ’ ಈ ಮನೆತನದ್ದೇ. ತಮಾಷೆ ಏನೆಂದರೆ, ದಾಂಡೇಲಿ ಸಂತೆಯಲ್ಲಿ ಆ ‘ನೇ’ ನಿಮ್ಮ ಕಿವಿಗೆ ಬೀಳುವುದು ಅಪರೂಪ. ದಖನಿ ಮಾತಾಡುವವರು ‘ಶೇರ್ ಗಾಯ್ ಕೋ ಮಾರ್ ಡಾಲಾ’ ಎಂದು ಬಿಡುತ್ತಾರೆ. ದಿಲ್ಲಿಯವರು ಇದನ್ನು ತಪ್ಪು ಹಿಂದಿ ಎಂದು ನಕ್ಕಾರು. ಆದರೆ ನಾಲ್ಕಾರು ಶತಮಾನ ಕನ್ನಡ-ತೆಲುಗು ನಾಡಿನಲ್ಲಿ ಬಾಳಿದ ಭಾಷೆಗೆ ಇಲ್ಲಿನ ವಾಕ್ಯದ ಕಟ್ಟು ರಕ್ತಗತವಾದದ್ದರಲ್ಲಿ ತಪ್ಪೇನಿದೆ?

ಲಿಂಗದ ಮಾತು ಬಂದಾಗ ಇನ್ನೊಂದು ಸಂಗತಿ ಹೇಳಿಯೇ ಮುಂದೆ ಹೋಗಬೇಕು. ಈ ಲೇಖನದಲ್ಲಿ ನಾನು ‘ಬಂದೆ’, ‘ಉಳಿದೆ’ ಎಂದಷ್ಟೇ ಬರೆದು ‘ಶಿಕ್ಷಕಿ’, ‘ನಿವೃತ್ತಳು’, ‘ಅಕ್ಕೋರು’ ಎನ್ನದೇ ಹೋಗಿದ್ದರೆ, ಬರೆದವರು ಹೆಂಗಸು ಎಂಬುದನ್ನು ಕನ್ನಡದ ಕ್ರಿಯಾಪದ ಬಿಟ್ಟುಕೊಡುತ್ತಿರಲಿಲ್ಲ. ಕೊಂಕಣಿಯಲ್ಲಿ ಅಡಗಿಕೊಳ್ಳಲು ಜಾಗವಿಲ್ಲ. ಗಂಡಸು ‘ಹಾಂವ್ ಆಯ್ಲೊ’ ಎನ್ನಬೇಕು, ಹೆಂಗಸು ‘ಹಾಂವ್ ಆಯ್ಲಿ’ ಎನ್ನಬೇಕು. ಕನ್ನಡ ‘ಅವನು’, ‘ಅವಳು’ ಎನ್ನುವಾಗ ಕೇಳುವ ವಿವರವನ್ನು ‘ನಾನು’ ಎನ್ನುವಾಗ ಕೇಳುವುದಿಲ್ಲ. ಇನ್ನು ತೆಲುಗಿನಲ್ಲಿ ‘ಅವಳು ಬಂದಳು’, ‘ಅದು ಬಂತು’ ಎರಡಕ್ಕೂ ‘ವಚ್ಚಿಂದಿ’ ಎಂಬ ಒಂದೇ ಕ್ರಿಯಾಪದ. ನಮ್ಮ ಜಿಲ್ಲೆಯ ಹವ್ಯಕರ ಮನೆಗಳಲ್ಲಿ ಹುಡುಗಿ ಬಂದರೆ ‘ಕೂಸು ಬಂತು’. ಗೋವೆಯ ಕೊಂಕಣಿಯಲ್ಲೂ ಎಳೆಯ ಹುಡುಗಿಗೆ ನಪುಂಸಕವೇ. ಇದನ್ನು ಹಿಡಿದು ಆ ಜನ ಹೆಣ್ಣನ್ನು ಹೇಗೆ ಕಾಣುತ್ತಾರೆ ಎಂದು ತೀರ್ಪು ಕೊಡಲು ಹೊರಡುವವರಿದ್ದಾರೆ. ನನಗೆ ಆ ದಾರಿ ಹಿಡಿಸಿಲ್ಲ. ಮಗಳನ್ನು ‘ಅದು’ ಎಂದು ಕರೆಯುವ ಮನೆಯ ಅಕ್ಕರೆಯನ್ನು ಕಣ್ಣಾರೆ ಕಂಡಿದ್ದೇನೆ.

ಹಾಗಾದರೆ ಕೊಂದವನನ್ನು ಇಂಗ್ಲಿಷ್ ಹೇಗೆ ತೋರಿಸುತ್ತದೆ? ಪ್ರತ್ಯಯದ ಗೋಜಿಲ್ಲ, ಸಾಲಿನಲ್ಲಿ ಯಾರು ಮೊದಲು ನಿಂತರು ಎಂಬುದಷ್ಟೇ ಮುಖ್ಯ. ‘ಟೈಗರ್ ಕಿಲ್ಡ್ ಮ್ಯಾನ್’, ‘ಮ್ಯಾನ್ ಕಿಲ್ಡ್ ಟೈಗರ್’. ಜಾಗ ಅದಲುಬದಲಾದರೆ ಹೆಣವೂ ಅದಲುಬದಲು. ಕನ್ನಡದಲ್ಲಿ ‘ಹುಲಿಯನ್ನು ಮನುಷ್ಯ ಕೊಂದ’, ‘ಮನುಷ್ಯ ಹುಲಿಯನ್ನು ಕೊಂದ’, ‘ಕೊಂದ ಮನುಷ್ಯ, ಹುಲಿಯನ್ನು!’ ಎಂದು ಹೇಗೆ ತಿರುಗಿಸಿದರೂ ಸಾಯುವುದು ಹುಲಿಯೇ. ಪ್ರತ್ಯಯ ಹೊತ್ತ ಪದಕ್ಕೆ ಎಲ್ಲಿ ಬೇಕಾದರೂ ಕೂರುವ ಸ್ವಾತಂತ್ರ್ಯ. ನಮ್ಮ ಮಕ್ಕಳು ಇಂಗ್ಲಿಷ್ ಬರೆಯುವಾಗ ಪದಗಳನ್ನು ಬೇಕಾದಲ್ಲಿ ಇಡುವುದು ಈ ಸ್ವಾತಂತ್ರ್ಯದ ಅಭ್ಯಾಸದಿಂದ. ಅದನ್ನು ದಡ್ಡತನ ಎಂದು ಕರೆಯುವ ಮೇಷ್ಟರುಗಳ ಬಗ್ಗೆ ನನಗೆ ಸಿಟ್ಟಿದೆ.

ಜಗತ್ತಿನ ಭಾಷೆಗಳನ್ನು ಒಟ್ಟಿಗಿಟ್ಟು ನೋಡಿದರೆ ಇಂಗ್ಲಿಷಿನ ಕ್ರಮವೇ ಸಹಜ ಎಂಬ ಭ್ರಮೆ ಬೇಗ ಕರಗುತ್ತದೆ. ಮ್ಯಾಥ್ಯೂ ಡ್ರೈಯರ್ ಎಂಬ ಭಾಷಾವಿಜ್ಞಾನಿ ಸುಮಾರು 1,400 ಭಾಷೆಗಳ ಪದಕ್ರಮವನ್ನು ಪಟ್ಟಿ ಮಾಡಿದ್ದಾರೆ. ಅವುಗಳಲ್ಲಿ ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ ಎಂಬ ನಮ್ಮ ಕ್ರಮದವು 560ಕ್ಕೂ ಹೆಚ್ಚು. ಕ್ರಿಯಾಪದ ನಡುವೆ ಬರುವ ಇಂಗ್ಲಿಷಿನಂಥವು 490ರ ಆಸುಪಾಸು. ಕರ್ಮ ಮೊದಲು, ಕರ್ತೃ ಕೊನೆಗೆ ಬರುವ ಭಾಷೆಗಳು ಬೆರಳೆಣಿಕೆಯಷ್ಟು. ಬ್ರೆಜಿಲ್‌ನ ಕಾಡಿನ ಹಿಷ್ಕರ್ಯಾನ ಅಂಥದ್ದು. ಆ ಭಾಷೆಯನ್ನು ಪರಿಚಯಿಸುವಾಗ ಕೊಡುವ ಉದಾಹರಣೆ ಕೂಡ ಕಾಡುಪ್ರಾಣಿಯದ್ದೇ: ‘ಮನುಷ್ಯ, ಹಿಡಿಯಿತು, ಜಾಗ್ವಾರ್’ ಎಂಬ ಕ್ರಮದಲ್ಲಿ ಹೇಳಿದರೆ ಜಾಗ್ವಾರ್ ಮನುಷ್ಯನನ್ನು ಹಿಡಿಯಿತು ಎಂದರ್ಥ. ಕಾಡಿನ ಅಂಚಿನಲ್ಲಿ ಬಾಳುವವರ ಚಿಂತೆ ಎಲ್ಲ ಕಡೆಯೂ ಒಂದೇ ಇರಬೇಕು!

ಪದಕ್ರಮದ ಬೆನ್ನಿಗೆ ಇನ್ನಷ್ಟು ಲಕ್ಷಣಗಳು ಬರುತ್ತವೆ ಎಂದು ತೋರಿಸಿದವರು ಜೋಸೆಫ್ ಗ್ರೀನ್‌ಬರ್ಗ್, 1963ರಲ್ಲಿ. ಕ್ರಿಯಾಪದ ಕೊನೆಗೆ ಬರುವ ಭಾಷೆಗಳಲ್ಲಿ ‘ಮೇಲೆ’, ‘ಕೆಳಗೆ’, ‘ಒಳಗೆ’ ಎಂಬ ಪದಗಳು ನಾಮಪದದ ನಂತರವೇ ಬರುವುದು ಹೆಚ್ಚು. ಕನ್ನಡದಲ್ಲಿ ಮರದ ಮೇಲೆ, ಮರಾಠಿಯಲ್ಲಿ ಝಾಡಾವರ್. ಇಂಗ್ಲಿಷಿನವರಿಗೆ ‘ಮೇಲೆ’ ಮೊದಲು, ಮರ ಆಮೇಲೆ.

ಈಗ ನಮ್ಮ ಶಾಲೆಯ ವ್ಯಾಕರಣಕ್ಕೆ ಬರೋಣ. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಕನ್ನಡ ಶಾಲೆಗೆ ಹೋದ ಯಾರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಾರೆ. ನಾನೂ ಸಾಕಷ್ಟು ಮಕ್ಕಳಿಂದ ಒಪ್ಪಿಸಿಕೊಂಡಿದ್ದೇನೆ. ಆದರೆ ‘ಮರದ ದೆಸೆಯಿಂದ ಹಣ್ಣು ಬಿತ್ತು’ ಎಂದು ಹೇಳುವ ಕನ್ನಡಿಗನನ್ನು ನಾನು ಇನ್ನೂ ನೋಡಿಲ್ಲ. ಸಂಸ್ಕೃತದಲ್ಲಿ ತೃತೀಯಾ, ಪಂಚಮೀ ಎರಡಕ್ಕೂ ಬೇರೆ ಬೇರೆ ರೂಪಗಳಿವೆ. ಕನ್ನಡದಲ್ಲಿ ಎರಡೂ ಕೆಲಸವನ್ನು ‘ಇಂದ’ ಒಂದೇ ಮಾಡುತ್ತದೆ: ಕೊಡಲಿಯಿಂದ ಕಡಿದ, ಮರದಿಂದ ಬಿದ್ದ. ಪಟ್ಟಿಯ ಒಂದು ಕೋಣೆ ಖಾಲಿ ಉಳಿಯಬಾರದೆಂದು ‘ದೆಸೆಯಿಂದ’ವನ್ನು ತಂದು ಕೂರಿಸಿದ್ದಾರೆ. 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜ ಕನ್ನಡವನ್ನು ಬಹಳ ಸೂಕ್ಷ್ಮವಾಗಿ ಕೇಳಿಸಿಕೊಂಡ ವ್ಯಾಕರಣಕಾರ. ಒಂದು ವಿಭಕ್ತಿಯ ಜಾಗದಲ್ಲಿ ಇನ್ನೊಂದು ಬರುವುದನ್ನೂ ಗಮನಿಸಿ ವಿಭಕ್ತಿಪಲ್ಲಟ ಎಂದು ಹೇಳಿದವನು. ಆದರೂ ಅವನ ಕೈಯಲ್ಲಿದ್ದ ಅಳತೆಗೋಲು ಸಂಸ್ಕೃತದ್ದು. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಡಿ.ಎನ್. ಶಂಕರ ಭಟ್ಟರು ಪುಸ್ತಕವನ್ನೇ ಬರೆದದ್ದು ಈ ಕಾರಣಕ್ಕೆ. ಅವರ ಕಾಗುಣಿತದ ಸುಧಾರಣೆ ನನಗೆ ಒಗ್ಗಿಲ್ಲ. ಈ ವಿಷಯದಲ್ಲಿ ಮಾತ್ರ ಅವರ ಮಾತಿಗೆ ಎದುರಾಡುವುದು ಕಷ್ಟ.

ಪಕ್ಕದ ಗೋವೆಯಲ್ಲೂ ಇದೇ ಕಥೆ, ಅಳತೆಗೋಲು ಮಾತ್ರ ಬೇರೆ. ಭಾರತೀಯ ಭಾಷೆಯೊಂದರ ಮೊದಲ ಅಚ್ಚಾದ ವ್ಯಾಕರಣ ಎಂದು ಹೆಸರಾದದ್ದು ಕೊಂಕಣಿಯದ್ದು. ಇಂಗ್ಲೆಂಡಿನಿಂದ ಬಂದ ಪಾದ್ರಿ ಥಾಮಸ್ ಸ್ಟೀಫನ್ಸ್ ಬರೆದದ್ದು; ಅವನು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1640ರಲ್ಲಿ ರಾಯ್ತೂರಿನಲ್ಲಿ ಅಚ್ಚಾಯಿತು. ಪೋರ್ಚುಗೀಸರು ಆ ಭಾಷೆಯನ್ನು ‘ಕನಾರಿಂ’ ಎಂದು ಕರೆದರು. ಲ್ಯಾಟಿನ್ ಓದಿ ಬಂದ ಕಣ್ಣಿಗೆ ಕೊಂಕಣಿ ಹೇಗೆ ಕಂಡಿತೋ ಹಾಗೆ ಪುಸ್ತಕದಲ್ಲಿ ಕೂತಿತು.

ಅರ್ಜಿಯ ಕನ್ನಡಕ್ಕೂ ಒಂದು ಎರವಲು ಅಳತೆಗೋಲಿದೆ. ಅಜ್ಜ ‘ಹುಲಿ ಹಿಡದ ಆಕಳ’ ಎಂದರೆ ಕಚೇರಿಯ ಕನ್ನಡ ‘ಹುಲಿಯಿಂದ ಕೊಲ್ಲಲ್ಪಟ್ಟ ಆಕಳು’ ಎಂದು ಬಯಸುತ್ತದೆ. ಈ ‘ಅಲ್ಪಡು’ ಯಾರ ಮನೆಯ ಅಡುಗೆಕೋಣೆಯಲ್ಲೂ ಹುಟ್ಟಿದ್ದಲ್ಲ. ಹಾಗೆಯೇ ‘ಮೃತಪಟ್ಟಿರುತ್ತದೆ’. ಆಕಳು ದಿನಾ ಸಾಯುವ ರೂಢಿ ಇಟ್ಟುಕೊಂಡಿದೆಯೇನೋ ಎಂಬಂತೆ! ಆದರೆ ಅರ್ಜಿಯ ಭಾಷೆಯಲ್ಲಿ ನಾನು ಮೆಚ್ಚುವ ಒಂದು ಉಪಾಯವೂ ಇದೆ: ‘ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ’. ಕನ್ನಡದಲ್ಲಿ ಮುಖ್ಯ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ, ಉದ್ದನೆಯ ವಿವರವೆಲ್ಲ ಮುಗಿಯುವ ತನಕ ಓದುವ ಅಧಿಕಾರಿಗೆ ಇದು ಬೇಡಿಕೆಯೋ ದೂರೋ ತಿಳಿಯುವುದಿಲ್ಲ. ‘ಏನೆಂದರೆ’ ಬಂದು ಆ ಕ್ರಿಯಾಪದವನ್ನು ಮುಂದಕ್ಕೆ ಎಳೆದು ತರುತ್ತದೆ. ಆಮೇಲೆ ಎಷ್ಟು ಉದ್ದ ಬೇಕಾದರೂ ಬರೆಯಬಹುದು. ಯಾರು ಕಂಡುಹಿಡಿದರೋ, ಬುದ್ಧಿವಂತರು.

ಕೊಂದವರ ಮಾತಾಯಿತು, ಇನ್ನು ಕಂಡವರದ್ದು. ಅರ್ಜಿಯಲ್ಲಿ ಎಡವುವುದು ಹೆಚ್ಚಾಗಿ ಇಲ್ಲಿಯೇ.

‘ನೀವ ನೋಡೀರೇನ್ರಿ ಅಜ್ಜಾರ?’

‘ನಾ ನೋಡಿಲ್ರಿ ಅಕ್ಕೋರ. ಹುಡುಗ ನೋಡ್ಯಾನ. ವಾಗಾನ್ ಗಾಯ್ ಮಾರ್ಲಿ ಖಂಯ್.’

ಕೊನೆಗೆ ಬಂದ ಆ ‘ಖಂಯ್’ ಎಂಬ ಚಿಕ್ಕ ಪದಕ್ಕೆ ಕನ್ನಡದ ಸರಿಜೋಡಿ ‘ಅಂತೆ’. ಹುಲಿ ಆಕಳನ್ನು ಕೊಂದಿತಂತೆ. ಗೌಳಿಯವರ ಬಾಯಲ್ಲಿ ಅದು ‘ಮ್ಹಣೆ’, ದಖನಿಯಲ್ಲಿ ‘ಕತೆ’, ತೆಲುಗಿನಲ್ಲಿ ‘ಅಟ’. ಎಲ್ಲವೂ ವಾಕ್ಯದ ತುದಿಯಲ್ಲಿ ಕೂತು ‘ಇದು ನಾನು ಕೇಳಿದ್ದು, ಕಂಡದ್ದಲ್ಲ, ಸುಳ್ಳಾದರೆ ನನ್ನ ಹಿಡಿಯಬೇಡಿ’ ಎಂದು ಕೈ ತೊಳೆದುಕೊಳ್ಳುತ್ತವೆ. ಇಂಗ್ಲಿಷಿನಲ್ಲಿ ಇಷ್ಟು ಹೇಳಲು ಇನ್ನೊಂದು ವಾಕ್ಯವನ್ನೇ ಕಟ್ಟಬೇಕು ಅಥವಾ ಪತ್ರಿಕೆಯವರ ಹಾಗೆ ಭಾರದ ಪದವೊಂದನ್ನು ತರಬೇಕು. ‘ಅಂತೆ’ ಪ್ರಾಮಾಣಿಕತೆಯ ಗುರುತು. ಆದರೆ ಪರಿಹಾರದ ಅರ್ಜಿಯಲ್ಲಿ ಅದು ಬಂದರೆ ಕೇಸು ಬಿದ್ದಂತೆ. ಹಾಗಾಗಿ ‘ನನ್ನ ಮೊಮ್ಮಗನು ಪ್ರತ್ಯಕ್ಷ ಕಂಡಿರುತ್ತಾನೆ’ ಎಂದು ಕಂಡವನನ್ನೇ ವಾಕ್ಯದೊಳಗೆ ಕರೆತಂದು ಕೂರಿಸಬೇಕು.

ಕನ್ನಡದಲ್ಲಿ ‘ಅಂತೆ’ ಹಾಕುವುದು, ಬಿಡುವುದು ನಮ್ಮ ಇಷ್ಟ. ನಮ್ಮ ನೆರೆಯಲ್ಲೇ ಇರುವ ಇನ್ನೊಂದು ಭಾಷೆಯಲ್ಲಿ ಆ ಇಷ್ಟಕ್ಕೆ ಅವಕಾಶ ಕಡಿಮೆ. ಮುಂಡಗೋಡದ ಹತ್ತಿರ 1966ರಲ್ಲಿ ಟಿಬೆಟನ್ನರ ಡೋಗುಲಿಂಗ್ ವಸತಿ ಶುರುವಾಯಿತು. ಡ್ರೆಪುಂಗ್, ಗಾಂಡೆನ್ ಎಂಬ ದೊಡ್ಡ ಮಠಗಳು ಅಲ್ಲಿ ಮತ್ತೆ ಕಟ್ಟಲ್ಪಟ್ಟವು (ನೋಡಿ, ‘ಅಲ್ಪಡು’ ನನ್ನ ಕೈಯಿಂದಲೂ ಬಂತು). ಟಿಬೆಟನ್ ಭಾಷೆಗೆ ಕನ್ನಡದೊಡನೆ ಯಾವ ರಕ್ತಸಂಬಂಧವೂ ಇಲ್ಲ. ಆದರೂ ಕ್ರಿಯಾಪದ ಕೊನೆಗೇ ಬರುತ್ತದೆ, ಪ್ರತ್ಯಯಗಳು ನಾಮಪದದ ಹಿಂದೆಯೇ ಹತ್ತುತ್ತವೆ. ಕೊಂದ ಹುಲಿಗೆ ಕೊಂಕಣಿಯಂತೆ ಒಂದು ಗುರುತೂ ಬೀಳುತ್ತದೆ. ವಿಶೇಷಣ ಮಾತ್ರ ತಿರುವುಮುರುವು: ನಾವು ‘ಕೆಂಪು ಹೂ’ ಎಂದರೆ ಅವರು ‘ಹೂ ಕೆಂಪು’ ಎನ್ನುತ್ತಾರೆ. ಅಚ್ಚರಿ ಇರುವುದು ಕ್ರಿಯಾಪದದ ಬಾಲದಲ್ಲಿ. ಆಡುಮಾತಿನ ಟಿಬೆಟನ್‌ನಲ್ಲಿ ಕ್ರಿಯೆಯ ಕೊನೆಗೆ ‘ಸೊಂಗ್’ ಬಂದರೆ ಹೇಳುವವರು ಅದನ್ನು ಕಣ್ಣಾರೆ ಕಂಡಿದ್ದಾರೆ. ‘ಪ-ರೆ’ ಬಂದರೆ ಸಂಗತಿ ನಿಜ, ಆದರೆ ಕಂಡದ್ದಲ್ಲ. ‘ಶಾ’ ಬಂದರೆ ಕುರುಹು ನೋಡಿ ತಿಳಿದದ್ದು. ಕೆಸರಲ್ಲಿ ಹೆಜ್ಜೆ ಇದೆ, ಕೊಟ್ಟಿಗೆಯಲ್ಲಿ ಆಕಳಿಲ್ಲ. ‘ನಾನು ಟಿಬೆಟನ್’ ಎನ್ನುವಾಗ ಕೊನೆಗೆ ‘ಯಿನ್’ ಬಂದರೆ ‘ಅವನು ಟಿಬೆಟನ್’ ಎನ್ನುವಾಗ ‘ರೆ’. ತನ್ನ ಬಗ್ಗೆ ತನಗಿರುವ ತಿಳಿವಳಿಕೆಯೂ ಬೇರೆಯವರ ಬಗ್ಗೆ ಇರುವ ತಿಳಿವಳಿಕೆಯೂ ಒಂದೇ ಅಲ್ಲವಲ್ಲ. ಅಮೆಝಾನ್ ಸೀಮೆಯ ತುಯೂಕಾ ಭಾಷೆ ಇನ್ನೂ ಕಟ್ಟುನಿಟ್ಟು: ಕಂಡದ್ದು, ಕೇಳಿಸಿದ್ದು, ಊಹಿಸಿದ್ದು ಹೀಗೆ ಐದು ಬಗೆ, ಒಂದನ್ನು ಆರಿಸದೆ ವಾಕ್ಯ ಮುಗಿಯುವುದಿಲ್ಲ. ನಮ್ಮ ಅರ್ಜಿಗಳಿಗೆ ಇಂಥ ಭಾಷೆ ಇದ್ದಿದ್ದರೆ ಪಂಚನಾಮೆಯ ಅರ್ಧ ಕೆಲಸ ಕ್ರಿಯಾಪದವೇ ಮಾಡುತ್ತಿತ್ತು.

ಇಷ್ಟು ಭೇದಗಳ ನಡುವೆಯೂ ಅಜ್ಜನ ಕೊಂಕಣಿಯನ್ನು ಕನ್ನಡಕ್ಕೆ ಇಳಿಸುವುದು ನನಗೆ ಕಷ್ಟವಾಗುವುದಿಲ್ಲ. ಪದ ಕಿತ್ತು ಪದ ಇಟ್ಟರೆ ಬಹಳ ಸಲ ವಾಕ್ಯ ತಾನಾಗಿ ನಿಲ್ಲುತ್ತದೆ. ‘ಪಾವ್ಸ್ ಯೆತಾ ಮ್ಹಣ್ ಸತ್ರಿ ಹಾಡ್ಲಿ’, ‘ಮಳೆ ಬರ್ತದ ಅಂತ ಛತ್ರಿ ತಂದೆ’, ದಖನಿಯಲ್ಲಿ ‘ಬಾರಿಶ್ ಆತೀ ಬೋಲ್ಕೆ ಛತ್ರಿ ಲಾಯಾ’. ಮೂರರಲ್ಲೂ ‘ಅನ್ನು, ಹೇಳು’ ಎಂಬ ಕ್ರಿಯಾಪದವೇ ಕಾರಣ ಹೇಳುವ ಕೊಂಡಿಯಾಗಿದೆ, ಅದೂ ಒಂದೇ ಜಾಗದಲ್ಲಿ. ‘ನನಗೆ ಹಸಿವಾಗಿದೆ’ ಎಂಬಲ್ಲಿ ಹಸಿವು ನನ್ನ ಬಳಿಗೆ ಬರುತ್ತದೆ, ಕೊಂಕಣಿ-ಮರಾಠಿಗಳಲ್ಲೂ ಹಾಗೆಯೇ. ಹಂದರ ಒಂದೇ, ಬಳ್ಳಿ ಬೇರೆ ಬೇರೆ.

ಈ ಹಂದರವನ್ನು ವಿದ್ವಾಂಸರು ಹತ್ತಿರದಿಂದ ನೋಡಿದ್ದು ನಮ್ಮ ಗಡಿಯಲ್ಲೇ. ಸಾಂಗಲಿಯ ಪಕ್ಕದ ಕುಪ್ವಾಡದಲ್ಲಿ ಜೈನರು, ಲಿಂಗಾಯತರು ಕನ್ನಡ, ಮುಸ್ಲಿಮರು ಉರ್ದು, ದಲಿತರು ಮರಾಠಿ, ಹಗ್ಗ ಹೊಸೆಯುವವರು ತೆಲುಗು ಆಡುತ್ತಿದ್ದರು. ಶತಮಾನಗಳಿಂದ ಯಾರೂ ಮನೆಮಾತು ಬಿಟ್ಟಿರಲಿಲ್ಲ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ಊರಿನ ಕನ್ನಡ, ಉರ್ದು, ಮರಾಠಿಗಳ ವಾಕ್ಯರಚನೆ ಎಷ್ಟು ಒಂದಾಗಿತ್ತೆಂದರೆ ಪದಕ್ಕೆ ಪದ ಇಟ್ಟು ಅನುವಾದಿಸಬಹುದಿತ್ತು. ಅಲ್ಲಿನ ಮರಾಠಿ ವಸ್ತುಗಳ ಗಂಡು-ಹೆಣ್ಣು ಭೇದ ಬಿಟ್ಟು ಕನ್ನಡದಂತೆ ನದಿಯನ್ನೂ ನಪುಂಸಕವಾಗಿಸಿಕೊಂಡಿತ್ತು. ಕನ್ನಡವೂ ಸುಮ್ಮನಿರಲಿಲ್ಲ. ‘ಇದು ನಿಮ್ಮ ಮನೆ’ ಎಂದರೆ ಕನ್ನಡಕ್ಕೆ ಸಾಕು, ಕ್ರಿಯಾಪದ ಬೇಡ; ಕುಪ್ವಾಡದ ಕನ್ನಡ ಮಾತ್ರ ಮರಾಠಿಯ ‘ಆಹೆ’ಯ ಜಾಗಕ್ಕೆ ‘ಐತಿ’ ತಂದು ಹಚ್ಚಿತ್ತು.

ಕರಾವಳಿಯ ಸಾರಸ್ವತರ ಕೊಂಕಣಿಯ ಮೇಲೆ ಮಂಗೇಶ ನಾಡಕರ್ಣಿಯವರು 1975ರಲ್ಲಿ ಬರೆದ ಲೇಖನ ಇನ್ನೂ ಸ್ವಾರಸ್ಯದ್ದು. ಉಳಿದ ಕೊಂಕಣಿಯಲ್ಲಿ, ಮರಾಠಿ-ಹಿಂದಿಗಳಲ್ಲಿ ‘ಜೊ… ತೊ’ ಎಂಬ ಜೋಡಿ ಇದೆ. ಕನ್ನಡದಲ್ಲಿ ಅದಕ್ಕೆ ಬೇರೆ ಪದವಿಲ್ಲ. ‘ಯಾವ ಹುಡುಗ ಬಂದಿದ್ದನೋ ಅವನು’ ಎಂದು ಪ್ರಶ್ನೆಯ ಪದವನ್ನೇ ಬಳಸಿ ಕೊನೆಗೆ ‘ಓ’ ಹಚ್ಚುತ್ತೇವೆ. ಸಾರಸ್ವತರ ಕೊಂಕಣಿ ತನ್ನ ‘ಜೊ’ ಬಿಟ್ಟು, ‘ಯಾವ’ ಎಂಬರ್ಥದ ‘ಖಂಚೊ’ ಹಿಡಿದು, ‘ಓ’ ಜಾಗಕ್ಕೆ ‘ಕಿ’ ಇಟ್ಟು ಕನ್ನಡದ ಅಚ್ಚಿನಲ್ಲೇ ವಾಕ್ಯ ಕಟ್ಟಿತು. ಪದಗಳೆಲ್ಲ ಕೊಂಕಣಿಯವೇ. ‘ನಮ್ಮ ಭಾಷೆಗೆ ಅನ್ಯಪದ ನುಗ್ಗುತ್ತಿವೆ’ ಎಂದು ಗಾಬರಿಯಾಗುವವರ ಕಣ್ಣಿಗೆ ಇಂಥ ಎರವಲು ಬೀಳುವುದೇ ಇಲ್ಲ.

ಒಂದು ಸಣ್ಣ ನಷ್ಟದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಕೇಳುವವರನ್ನು ಸೇರಿಸಿಕೊಂಡ ‘ನಾವು’, ಬಿಟ್ಟ ‘ನಾವು’ ಎಂಬ ಭೇದ ತಮಿಳು-ತೆಲುಗಿನಲ್ಲಿದೆ. ಮರಾಠಿಯಲ್ಲೂ ‘ಆಪಣ’, ‘ಆಮ್ಹಿ’ ಎಂದಿದೆ. ಇಂದಿನ ಕನ್ನಡದಲ್ಲಿ ಇಲ್ಲ. ‘ನಾವು ಉಳವಿ ಜಾತ್ರೆಗೆ ಹೋಗ್ತೇವೆ’ ಎಂದಾಗ ಗೌಳಿ ಹುಡುಗಿಯೊಬ್ಬಳು ‘ನಾನೂ ಬರ್ಬೇಕಾ?’ ಎಂದು ಕೇಳಿದರೆ ಅದು ಪೆದ್ದು ಪ್ರಶ್ನೆಯಲ್ಲ.

ಜೋಯಿಡಾದ ಶಾಲೆಗಳಲ್ಲಿ ಕೊಂಕಣಿ, ಮರಾಠಿ ಮನೆಯಿಂದ ಬರುವ ಮಗು ‘ನಮ್ಮ ಅಪ್ಪ ಡ್ರೈವರ್ ಇದ್ದಾರೆ’ ಎಂದು ಬರೆಯುತ್ತದೆ. ಕನ್ನಡಕ್ಕೆ ಆ ‘ಇದ್ದಾರೆ’ ಬೇಡ, ಮಗುವಿನ ಮನೆಮಾತಿಗೆ ಬೇಕು. ಧಾರವಾಡ-ಬೆಳಗಾವಿಯ ಎಷ್ಟೋ ಕನ್ನಡಿಗರೂ ಹೀಗೇ ಮಾತಾಡುತ್ತಾರೆ. ಇದು ಅಜ್ಞಾನದಿಂದ ಬಂದದ್ದಲ್ಲ, ಇನ್ನೊಂದು ವ್ಯಾಕರಣ ಚೆನ್ನಾಗಿ ಗೊತ್ತಿರುವುದರಿಂದ ಬಂದದ್ದು. ಈಗ ಪಾಠ ಮಾಡುತ್ತಿರುವ ಗಡಿಭಾಗದ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ಅಂಥ ವಾಕ್ಯ ಬಂದಾಗ ಕೆಂಪು ಗೆರೆ ಎಳೆಯುವ ಮುಂಚೆ, ಅದನ್ನು ಮನೆಯಲ್ಲಿ ಹೇಗೆ ಹೇಳುತ್ತೀ ಎಂದು ಮಗುವನ್ನು ಕೇಳಿ. ಬೋರ್ಡಿನ ಒಂದು ಬದಿಗೆ ಅದರ ಮನೆಯ ವಾಕ್ಯ, ಇನ್ನೊಂದು ಬದಿಗೆ ಕನ್ನಡದ ವಾಕ್ಯ ಬರೆಯಿರಿ. ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಮಕ್ಕಳೇ ಹುಡುಕಲಿ. ವಿಭಕ್ತಿಯ ಪಟ್ಟಿ ಆಮೇಲೆ ಒಪ್ಪಿಸಿದರಾಯಿತು; ‘ದೆಸೆಯಿಂದ’ ಒಪ್ಪಿಸದಿದ್ದರೂ ನಡೆಯುತ್ತದೆ.